ಅಡ್ಮಿರಲ್ ಟ್ರಯನ್ನನೂ ವಿಧೇಯತೆಯ ಮಿತಿಯೂ

ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಚಕ್ರಾಧಿಪತ್ಯದ ಚರಿತ್ರೆಯನ್ನು ನಾವು ತರಗತಿಯಲ್ಲಿ ಓದುವಾಗ ಗವರ್ನರ್ ಜನರಲ್‌ಗಳ ಹೆಸರುಗಳೂ, ಕಾಯಿದೆಗಳ ವರ್ಷಗಳೂ, ಯುದ್ಧಗಳ ಪಟ್ಟಿಯೂ ನಮ್ಮ ಮುಂದೆ ಸಾಲುಗಟ್ಟಿ ನಿಲ್ಲುತ್ತವೆ. ಆ ಚಕ್ರಾಧಿಪತ್ಯವನ್ನು ಎತ್ತಿ ಹಿಡಿದಿದ್ದ ನೌಕಾಪಡೆಯ ವಿಚಾರ ಮಾತ್ರ ಒಂದೆರಡು ವಾಕ್ಯಗಳಲ್ಲಿ ಮುಗಿದು ಹೋಗುತ್ತದೆ. ಸಮುದ್ರದ ಮೇಲೆ ಬ್ರಿಟನ್ನಿಗೆ ಎದುರಿಲ್ಲದಿದ್ದುದರಿಂದಲೇ ಅದು ಇಷ್ಟು ದೂರದ ನಾಡುಗಳನ್ನು ಆಳಲು ಸಾಧ್ಯವಾಯಿತೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಆ ಹಡಗುಗಳಲ್ಲಿದ್ದ ಅಧಿಕಾರಿಗಳು ಎಂಥವರು, ಅವರ ವೃತ್ತಿಜೀವನ ಹೇಗೆ ಸಾಗುತ್ತಿತ್ತು, ಅವರು ಯಾವುದನ್ನು ಗುಣವೆಂದೂ ಯಾವುದನ್ನು ದೋಷವೆಂದೂ ಎಣಿಸುತ್ತಿದ್ದರು ಎಂದು ನಾವು ಕೇಳುವುದು ಅಪರೂಪ. ಅಂಥ ಒಬ್ಬ ಅಧಿಕಾರಿಯ ಜೀವನವನ್ನು ಈ ಲೇಖನದಲ್ಲಿ ಪರಿಶೀಲಿಸಬೇಕೆಂದು ನನ್ನ ಅಪೇಕ್ಷೆ. ಅವನ ಹೆಸರು ಸರ್ ಜಾರ್ಜ್ ಟ್ರಯನ್. ತನ್ನ ಕಾಲದ ಅತ್ಯಂತ ಸಮರ್ಥ ನೌಕಾಧಿಪತಿಗಳಲ್ಲಿ ಒಬ್ಬನೆಂದು ಹೆಸರು ಪಡೆದಿದ್ದ ಈತನು ೧೮೯೩ರಲ್ಲಿ, ಶಾಂತವಾದ ಸಮುದ್ರದಲ್ಲಿ, ತಿಳಿಯಾದ ಹಗಲು ಬೆಳಕಿನಲ್ಲಿ, ತನ್ನದೇ ಆಜ್ಞೆಯಿಂದ ತನ್ನ ಹಡಗನ್ನೂ ೩೫೮ ಜೀವಗಳನ್ನೂ ಕಳೆದು ತಾನೂ ಮುಳುಗಿಹೋದನು. ಇದು ಹೇಗಾಯಿತು? ಆ ಆಜ್ಞೆ ತಪ್ಪೆಂದು ಕಂಡ ಹಲವರು ಅಲ್ಲಿದ್ದರೂ ಏಕೆ ತಡೆಯಲಿಲ್ಲ? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದರೆ ಅವನ ಜೀವನವನ್ನು ಮೊದಲಿನಿಂದ ನೋಡಬೇಕಾಗುತ್ತದೆ.

ಟ್ರಯನ್ ಹುಟ್ಟಿದ್ದು ೧೮೩೨ರ ಜನವರಿಯಲ್ಲಿ, ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರ್ ಪ್ರಾಂತದ ಒಂದು ಜಮೀನ್ದಾರಿ ಮನೆತನದಲ್ಲಿ. ಆ ಕಾಲದಲ್ಲಿ ನೌಕಾಪಡೆಗೆ ಸೇರುವ ಹುಡುಗರು ಸಾಮಾನ್ಯವಾಗಿ ಹನ್ನೆರಡು ಹದಿಮೂರು ವರ್ಷದವರಾಗಿರುತ್ತಿದ್ದರು. ಆಟವಾಡುವ ವಯಸ್ಸಿನ ಮಕ್ಕಳು ಮನೆ ಬಿಟ್ಟು ಹಡಗು ಹತ್ತಿ, ಅಲ್ಲಿಯೇ ಗಣಿತವನ್ನೂ ನಕ್ಷತ್ರಗಳನ್ನೂ ಹಗ್ಗದ ಗಂಟುಗಳನ್ನೂ ಕಲಿಯಬೇಕಾಗಿತ್ತು. ಟ್ರಯನ್ ಮಾತ್ರ ಈಟನ್ ಶಾಲೆಯಲ್ಲಿ ಓದಿ, ೧೮೪೮ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ ಸೇವೆಗೆ ಸೇರಿದನು. ಜತೆಯ ಹುಡುಗರಿಗಿಂತ ವಯಸ್ಸಿನಲ್ಲಿಯೂ ಆಕಾರದಲ್ಲಿಯೂ ದೊಡ್ಡವನಾಗಿದ್ದ ಅವನಲ್ಲಿ ಮೊದಲಿನಿಂದಲೇ ಮುಂದಾಳುತನದ ಗತ್ತು ಕಾಣುತ್ತಿತ್ತು.

ಅವನು ಹತ್ತಿದ ಮೊದಲ ಹಡಗಿಗೂ ನಮ್ಮ ದೇಶಕ್ಕೂ ಒಂದು ಸಂಬಂಧವುಂಟು. 'ವೆಲೆಸ್ಲಿ' ಎಂಬ ಆ ಎಪ್ಪತ್ನಾಲ್ಕು ಫಿರಂಗಿಗಳ ಹಾಯಿಹಡಗು ೧೮೧೫ರಲ್ಲಿ ಮುಂಬಯಿಯ ಹಡಗುಕಟ್ಟೆಯಲ್ಲಿ ನೀರಿಗಿಳಿದದ್ದು. ವಾಡಿಯಾ ಮನೆತನದ ಪಾರ್ಸಿ ನೌಕಾಶಿಲ್ಪಿಗಳು ತೇಗದ ಮರದಿಂದ ಕಟ್ಟಿದ ಹಡಗುಗಳು ಓಕ್ ಮರದ ಹಡಗುಗಳಿಗಿಂತ ಹೆಚ್ಚು ಕಾಲ ಬಾಳುತ್ತವೆಂಬ ಖ್ಯಾತಿ ಆಗ ಇತ್ತು. ಆ ಖ್ಯಾತಿ ಸುಳ್ಳಲ್ಲವೆಂಬುದಕ್ಕೆ ಈ ಹಡಗೇ ಸಾಕ್ಷಿ. ಬೇರೊಂದು ಹೆಸರಿನಲ್ಲಿ ತರಬೇತಿಯ ಹಡಗಾಗಿ ತೇಲುತ್ತಲೇ ಇದ್ದ ಇದನ್ನು ೧೯೪೦ರಲ್ಲಿ ಜರ್ಮನ್ ವಿಮಾನಗಳ ಬಾಂಬು ಮುಳುಗಿಸಿತು. ಟ್ರಯನ್ ಸೇರಿದಾಗ ಅದು ಉತ್ತರ ಅಮೆರಿಕದ ಠಾಣ್ಯದಲ್ಲಿ ಲಾರ್ಡ್ ಡಂಡೊನಾಲ್ಡ್ ಎಂಬ ಪ್ರಸಿದ್ಧ ಅಡ್ಮಿರಲ್ಲನ ಧ್ವಜನೌಕೆಯಾಗಿತ್ತು.

ಮುಂದೆ ಕ್ರಿಮಿಯದ ಯುದ್ಧ ಬಂದಾಗ ಟ್ರಯನ್ ಇತರ ನಾವಿಕರೊಡನೆ ನೆಲಕ್ಕಿಳಿದು, ಸೆಬಾಸ್ಟಪೋಲ್ ಮುತ್ತಿಗೆಯಲ್ಲಿ ಹಡಗಿನ ಫಿರಂಗಿಗಳನ್ನು ನಡೆಸಿದ ದಳದಲ್ಲಿ ಕೆಲಸ ಮಾಡಿದನು. ೧೮೫೪ರಲ್ಲಿ ಲೆಫ್ಟಿನೆಂಟ್ ಆದನು. ೧೮೬೦ರಲ್ಲಿ ಕಮ್ಯಾಂಡರ್ ಆದನು. ಮರುವರ್ಷವೇ ಅವನಿಗೆ 'ವಾರಿಯರ್' ಹಡಗಿನಲ್ಲಿ ಕ್ಯಾಪ್ಟನ್ನನ ನಂತರದ ಸ್ಥಾನ ದೊರೆಯಿತು. ಈ ನೇಮಕ ಸಾಮಾನ್ಯವಾದುದಲ್ಲ. 'ವಾರಿಯರ್' ಬ್ರಿಟನ್ನಿನ ಮೊಟ್ಟಮೊದಲ ಸಮುದ್ರಗಾಮಿ ಕಬ್ಬಿಣದ ಕವಚದ ಹಡಗು. ಅದರ ಒಡಲೇ ಕಬ್ಬಿಣದ್ದು. ಅದರಲ್ಲಿ ಹಾಯಿಗಳೂ ಇದ್ದವು, ಉಗಿಯ ಯಂತ್ರವೂ ಇತ್ತು. ಮುಂಬಯಿಯ ತೇಗದ ಹಡಗಿನಲ್ಲಿ ಕಲಿತ ಹುಡುಗ ಹದಿಮೂರು ವರ್ಷಗಳೊಳಗೆ ಕಬ್ಬಿಣದ ಹಡಗಿನ ಅಧಿಕಾರಿಯಾದನೆಂಬ ಒಂದೇ ಸಂಗತಿಯಿಂದ, ಆ ತಲೆಮಾರಿನವರ ಕಣ್ಣೆದುರಿಗೇ ಅವರ ಕಸುಬು ಎಷ್ಟು ವೇಗವಾಗಿ ಬದಲಾಯಿತೆಂಬುದನ್ನು ಊಹಿಸಬಹುದು. ಗಾಳಿಯನ್ನು ನಂಬಿ ಬದುಕಿದವರು ಕಲ್ಲಿದ್ದಲನ್ನು ನಂಬಬೇಕಾಯಿತು.

೧೮೬೬ರಲ್ಲಿ ಟ್ರಯನ್ ಕ್ಯಾಪ್ಟನ್ ಆದನು. ಇಲ್ಲಿ ಆ ಕಾಲದ ಬಡ್ತಿಯ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಕ್ಯಾಪ್ಟನ್ ಆಗುವವರೆಗೆ ಯೋಗ್ಯತೆ, ಶಿಫಾರಸು, ಅದೃಷ್ಟ ಈ ಮೂರೂ ಸೇರಿ ಮನುಷ್ಯನನ್ನು ಮೇಲಕ್ಕೆತ್ತುತ್ತಿದ್ದವು. ಕ್ಯಾಪ್ಟನ್ ಆದಮೇಲೆ ಪಟ್ಟಿಯಲ್ಲಿ ಹೆಸರು ಸೇರಿ, ಮುಂದಿದ್ದವರು ಸತ್ತಂತೆ ಅಥವಾ ನಿವೃತ್ತರಾದಂತೆ ಅದು ತಾನಾಗಿಯೇ ಮೇಲಕ್ಕೇರುತ್ತಿತ್ತು. ಹೀಗಾಗಿ ಟ್ರಯನ್ನನಂಥ ಸಮರ್ಥನೂ ರಿಯರ್ ಅಡ್ಮಿರಲ್ ಆಗಲು ೧೮೮೪ರವರೆಗೆ, ಎಂದರೆ ಹದಿನೆಂಟು ವರ್ಷ, ಕಾಯಬೇಕಾಯಿತು. ಇಂಥ ವ್ಯವಸ್ಥೆಯಲ್ಲಿ ಮೇಲಿನವರ ಮನಸ್ಸನ್ನು ನೋಯಿಸದೆ ಇರುವುದು ಜಾಣತನವೆಂದು ಬಹುಮಂದಿ ಭಾವಿಸಿದರೆ ಆಶ್ಚರ್ಯವೇನೂ ಇಲ್ಲ.

ಆ ಹದಿನೆಂಟು ವರ್ಷಗಳನ್ನು ಟ್ರಯನ್ ಸುಮ್ಮನೆ ಕಳೆಯಲಿಲ್ಲ. ೧೮೬೭-೬೮ರಲ್ಲಿ ಬ್ರಿಟಿಷರು ಅಬಿಸೀನಿಯದ ಮೇಲೆ ದಂಡೆತ್ತಿ ಹೋದರು. ಮುಂಬಯಿ ಸೈನ್ಯದ ದಂಡನಾಯಕನಾದ ಸರ್ ರಾಬರ್ಟ್ ನೇಪಿಯರನ ಮುಂದಾಳುತನದಲ್ಲಿ ನಡೆದ ಆ ದಂಡಯಾತ್ರೆಗೆ ಸೈನಿಕರೂ, ಸಾಮಗ್ರಿಯೂ ಬಹುಪಾಲು ಹೋದದ್ದು ಇಂಡಿಯದಿಂದಲೇ. ಬೆಟ್ಟದ ದಾರಿಯಲ್ಲಿ ಫಿರಂಗಿ ಹೊರಲು ನಲವತ್ತನಾಲ್ಕು ಆನೆಗಳನ್ನು ಸಹ ಹಡಗಿನಲ್ಲಿ ಸಾಗಿಸಿದರು. ಇವೆಲ್ಲ ಬಂದಿಳಿದದ್ದು ಕೆಂಪುಸಮುದ್ರದ ತೀರದ ಆನೆಸ್ಲಿ ಕೊಲ್ಲಿಯಲ್ಲಿ. ಅಲ್ಲಿ ಬಂದರಿಲ್ಲ, ನೆರಳಿಲ್ಲ, ಕುಡಿಯುವ ನೀರಿಲ್ಲ. ಸಮುದ್ರದ ನೀರನ್ನು ಹಡಗುಗಳಲ್ಲಿ ಕಾಯಿಸಿ ಭಟ್ಟಿಯಿಳಿಸಿ ಕುಡಿಯಬೇಕಾಗಿತ್ತು. ಆ ಸುಡುಬಿಸಿಲಿನಲ್ಲಿ ನೂರಾರು ಸಾಗಣೆ ಹಡಗುಗಳನ್ನು ಕ್ರಮಪಡಿಸುವ ಹೊಣೆ ಟ್ರಯನ್ನನದಾಗಿತ್ತು. ಯಾವ ಕಾಳಗವನ್ನೂ ಗೆಲ್ಲದೆ, ಕೇವಲ ವ್ಯವಸ್ಥೆಯ ಜಾಣ್ಮೆಯಿಂದ ಅವನು ಅಲ್ಲಿ ಹೆಸರು ಗಳಿಸಿದನು. ಬಳಿಕ ನೌಕಾಖಾತೆಯ ಮಂತ್ರಿಯ ಖಾಸಗಿ ಕಾರ್ಯದರ್ಶಿಯಾಗಿ ಆಡಳಿತದ ಒಳಗುಟ್ಟುಗಳನ್ನೆಲ್ಲ ತಿಳಿದುಕೊಂಡನು. ೧೮೭೫ರಲ್ಲಿ ವೇಲ್ಸ್ ರಾಜಕುಮಾರನು ಇಂಡಿಯಕ್ಕೆ ಬಂದಾಗ ಅವನ ಹಡಗಿಗೆ ಬೆಂಗಾವಲಾಗಿ ಬಂದ 'ರಾಲೀ' ಹಡಗಿನ ಕ್ಯಾಪ್ಟನ್ ಟ್ರಯನ್ನನೇ. ೧೮೮೨ರಲ್ಲಿ ನೌಕಾಖಾತೆಯ ಕಾರ್ಯದರ್ಶಿಯಾದನು. ೧೮೮೪ರಿಂದ ೧೮೮೭ರವರೆಗೆ ಆಸ್ಟ್ರೇಲಿಯದ ಠಾಣ್ಯದ ಅಧಿಪತಿಯಾಗಿ, ಅಲ್ಲಿನ ವಸಾಹತುಗಳು ತಮ್ಮ ಕರಾವಳಿಯ ರಕ್ಷಣೆಗೆ ಹಣ ಕೊಡುವ ಒಪ್ಪಂದಕ್ಕೆ ದಾರಿ ಮಾಡಿದನು. ಹಿಂದಿರುಗಿದ ಮೇಲೆ ಪಾರ್ಲಿಮೆಂಟಿಗೆ ನಿಂತು ಸೋತದ್ದೂ ಉಂಟು. ೧೮೯೧ರಲ್ಲಿ ಅವನಿಗೆ ಮೆಡಿಟರೇನಿಯನ್ ನೌಕಾಪಡೆಯ ಪ್ರಧಾನಾಧಿಪತ್ಯ ದೊರೆಯಿತು. ಬ್ರಿಟಿಷ್ ನೌಕಾಧಿಕಾರಿಯೊಬ್ಬನು ಸಮುದ್ರದ ಮೇಲೆ ಅಪೇಕ್ಷಿಸಬಹುದಾದ ಅತ್ಯುನ್ನತ ಪದವಿ ಇದೇ ಎನ್ನಬಹುದು.

ಆ ಕಾಲದ ನೌಕಾಪಡೆಗೆ ಒಂದು ವಿಚಿತ್ರವಾದ ಕಷ್ಟವಿತ್ತು. ೧೮೦೫ರ ಟ್ರಫಾಲ್ಗರ್ ಕಾಳಗದ ನಂತರ ಅದಕ್ಕೆ ಸರಿಸಮನಾದ ಶತ್ರುವೇ ಸಿಗಲಿಲ್ಲ. ಹಡಗುಗಳು ಬದಲಾದವು, ಫಿರಂಗಿಗಳು ಬದಲಾದವು. ಆದರೆ ಅವುಗಳಿಂದ ಕಾದಾಡಿದ ಅನುಭವ ಯಾರಿಗೂ ಇರಲಿಲ್ಲ. ಯುದ್ಧವಿಲ್ಲದ ಸೈನ್ಯಕ್ಕೆ ಯೋಗ್ಯತೆಯನ್ನು ಅಳೆಯುವ ಅಳತೆಗೋಲು ಯಾವುದು? ಹೊಳೆಯುವ ಹಿತ್ತಾಳೆ, ಮಾಸದ ಬಣ್ಣ, ಇಡೀ ನೌಕಾಸಮೂಹ ಒಬ್ಬನೇ ಮನುಷ್ಯನಂತೆ ಒಮ್ಮೆಲೆ ತಿರುಗುವ ಕವಾಯತು, ಇವೇ ಅಳತೆಗೋಲುಗಳಾದವು. ಈ ಕವಾಯತುಗಳನ್ನೆಲ್ಲ ನಡೆಸುತ್ತಿದ್ದುದು ಧ್ವಜಸಂಕೇತಗಳ ಮೂಲಕ. ಸಂಕೇತಗಳ ಪುಸ್ತಕ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಹೋಯಿತು. ಅಡ್ಮಿರಲ್ ಧ್ವಜಗಳನ್ನು ಏರಿಸುವನು. ಉಳಿದ ಹಡಗುಗಳು ಅವನ್ನೇ ಏರಿಸಿ 'ತಿಳಿಯಿತು' ಎನ್ನುವವು. ಧ್ವಜಗಳು ಕೆಳಗಿಳಿದ ಕ್ಷಣವೇ ಆಜ್ಞೆ ನಡೆಯುವುದು. ಯಾವನಾದರೂ ಕ್ಯಾಪ್ಟನ್ನನಿಗೆ ಸಂಕೇತದ ಅರ್ಥ ತಿಳಿಯದಿದ್ದರೆ ಅವನು ತನ್ನ ಧ್ವಜಗಳನ್ನು ಕಂಬದ ಅರ್ಧಕ್ಕೆ ಮಾತ್ರ ಏರಿಸಿ ನಿಲ್ಲಿಸಬಹುದು. 'ಕಂಡೆ, ಆದರೆ ತಿಳಿಯಲಿಲ್ಲ' ಎಂದು ಅದರ ಅರ್ಥ. ಈ ಅರ್ಧಕ್ಕೆ ನಿಂತ ಧ್ವಜದ ವಿಷಯವನ್ನು ಓದುಗರು ನೆನಪಿಡಬೇಕೆಂದು ಕೋರುತ್ತೇನೆ.

ಈ ಪದ್ಧತಿಯ ಟೊಳ್ಳನ್ನು ಕಂಡುಕೊಂಡವರಲ್ಲಿ ಟ್ರಯನ್ ಮುಖ್ಯನಾದವನು. ನಿಜವಾದ ಕಾಳಗದಲ್ಲಿ ಫಿರಂಗಿಯ ಹೊಗೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಧ್ವಜದ ಹಗ್ಗ ಮೊದಲ ಗುಂಡಿಗೇ ಹರಿದುಹೋಗುತ್ತದೆ. ಸಂಕೇತ ಓದುವವನು ಸಾಯುತ್ತಾನೆ. ಆಗ ಪ್ರತಿಯೊಂದು ಚಲನೆಗೂ ಮೇಲಿನ ಆಜ್ಞೆಯನ್ನು ಕಾಯುವ ಕ್ಯಾಪ್ಟನ್ನುಗಳು ಮಾಡುವುದೇನು? ಆದುದರಿಂದ ಅವನು ಒಂದು ಹೊಸ ಕ್ರಮವನ್ನು ಅಭ್ಯಾಸಕ್ಕೆ ತಂದನು. 'ಟಿ', 'ಎ' ಎಂಬ ಎರಡು ಅಕ್ಷರಗಳ ಧ್ವಜ ಹಾರಿತೆಂದರೆ ಮುಂದೆ ಸಂಕೇತಗಳಿರುವುದಿಲ್ಲ. ಅಡ್ಮಿರಲ್ಲನ ಹಡಗು ಮಾಡುವುದನ್ನು ನೋಡಿ, ಅದರ ಉದ್ದೇಶವನ್ನು ಊಹಿಸಿ, ಪ್ರತಿಯೊಬ್ಬನೂ ತನ್ನ ಬುದ್ಧಿಯಿಂದ ನಡೆಯಬೇಕು. ಅಧೀನರ ಬುದ್ಧಿಗೆ ಬೆಲೆ ಕೊಟ್ಟ ಕ್ರಮವಿದು. ನೆಲ್ಸನ್ನನ ಕಾಲದ ಚೈತನ್ಯವನ್ನು ಮತ್ತೆ ತರಬೇಕೆಂಬುದು ಅದರ ಗುರಿ. ೧೮೦೧ರಲ್ಲಿ ಕೋಪನ್‌ಹೇಗನ್ ಕಾಳಗದಲ್ಲಿ ಹಿಂದೆಗೆಯೆಂಬ ಸಂಕೇತ ಬಂದಾಗ ನೆಲ್ಸನ್ ದೂರದರ್ಶಕವನ್ನು ತನ್ನ ಕುರುಡುಕಣ್ಣಿಗೆ ಹಿಡಿದು, ಸಂಕೇತವೇ ಕಾಣಿಸಲಿಲ್ಲವೆಂದು ಯುದ್ಧ ಮುಂದುವರಿಸಿದನೆಂಬ ಐತಿಹ್ಯವನ್ನು ಆ ನೌಕಾಪಡೆಯೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿತ್ತಲ್ಲವೆ!

ಹೀಗೆ ಅಧೀನರು ಸ್ವತಂತ್ರವಾಗಿ ಯೋಚಿಸಬೇಕೆಂದು ಬಯಸಿದ ಟ್ರಯನ್ನನ ಸ್ವಭಾವ ಮಾತ್ರ ಅದಕ್ಕೆ ತಕ್ಕಂತಿರಲಿಲ್ಲ. ಅವನದು ಭಾರಿ ಆಳು, ಗಡ್ಡ, ಗಂಭೀರ ಧ್ವನಿ. ಕವಾಯತಿನಲ್ಲಿ ತನ್ನ ಯೋಜನೆಯನ್ನು ಮುಂಚಿತವಾಗಿ ಹೇಳುವುದು ಅವನಿಗೆ ಇಷ್ಟವಿಲ್ಲ. ಒಗಟಿನಂಥ ಆಜ್ಞೆಗಳನ್ನು ಕೊಟ್ಟು, ಅಧೀನರು ಹೇಗೆ ಬಿಡಿಸುತ್ತಾರೆಂದು ನೋಡುವುದು ಅವನ ರೂಢಿ. ಹಲವು ಬಾರಿ ಅಪಾಯಕರವಾಗಿ ಕಂಡ ಆಜ್ಞೆ ಕೊನೆಯಲ್ಲಿ ಸರಿಯಾಗಿಯೇ ಮುಗಿದುದನ್ನು ಅವನ ಕೈಕೆಳಗಿನವರು ಕಂಡಿದ್ದರು. ಆದುದರಿಂದ ಅವನ ಲೆಕ್ಕ ತಪ್ಪಾಗಿರಲಾರದು, ನಮಗೆ ತಿಳಿಯದಿರುವುದೇನೋ ಅದರಲ್ಲಿರಬೇಕು ಎಂಬ ನಂಬಿಕೆ ಅವರಲ್ಲಿ ಬೇರೂರಿತು. ಅವನ ನಂತರದ ಅಧಿಕಾರಿ ರಿಯರ್ ಅಡ್ಮಿರಲ್ ಮಾರ್ಕಮ್ ಹೇಡಿಯಲ್ಲ. ೧೮೭೬ರಲ್ಲಿ ಉತ್ತರ ಧ್ರುವದತ್ತ ಹಿಮದ ಮೇಲೆ ನಡೆದು, ಅದುವರೆಗೆ ಯಾರೂ ಮುಟ್ಟದಿದ್ದ ೮೩ ಡಿಗ್ರಿ ೨೦ ಮಿನಿಟಿನ ಅಕ್ಷಾಂಶವನ್ನು ತಲುಪಿ ಬಂದವನು. ಅಂಥವನೂ ಟ್ರಯನ್ನನ ಮುಂದೆ ಮೆತ್ತಗಾಗುತ್ತಿದ್ದನು.

ಈಗ ೧೮೯೩ನೆಯ ಜೂನ್ ೨೨ಕ್ಕೆ ಬರೋಣ. ಅಂದು ಗುರುವಾರ. ನೌಕಾಸಮೂಹ ಬೆಳಿಗ್ಗೆ ಬೈರೂತ್ ಬಂದರನ್ನು ಬಿಟ್ಟು, ಅದೇ ಕರಾವಳಿಯ ಟ್ರಿಪೋಲಿಯ ಕಡೆಗೆ ಹೊರಟಿತು. ಈ ಟ್ರಿಪೋಲಿ ಲೆಬನಾನಿನದು; ಲಿಬಿಯದ ನಗರವಲ್ಲ. ಟ್ರಯನ್ನನ ಧ್ವಜನೌಕೆ 'ವಿಕ್ಟೋರಿಯ'. ರಾಣಿಯ ಆಳಿಕೆಯ ಸುವರ್ಣೋತ್ಸವದ ವರ್ಷವಾದ ೧೮೮೭ರಲ್ಲಿ ನೀರಿಗಿಳಿದು ಅವಳ ಹೆಸರನ್ನೇ ಹೊತ್ತ, ಹತ್ತು ಸಾವಿರ ಟನ್ನಿಗೂ ಮೀರಿದ ಹಡಗು. ಒಂದೊಂದೂ ನೂರು ಟನ್ನಿಗೆ ಮೇಲ್ಪಟ್ಟು ತೂಗುವ ಎರಡು ಫಿರಂಗಿಗಳು ಅದರ ಮುಂಭಾಗದಲ್ಲಿದ್ದವು. ಮಧ್ಯಾಹ್ನ ಹಡಗುಗಳನ್ನು ಎರಡು ಸಾಲುಗಳಾಗಿ ನಿಲ್ಲಿಸಲಾಯಿತು. ಬಲಗಡೆಯ ಸಾಲಿನಲ್ಲಿ ಆರು ಹಡಗುಗಳು, ಮುಂದೆ 'ವಿಕ್ಟೋರಿಯ'. ಎಡಗಡೆಯ ಸಾಲಿನಲ್ಲಿ ಐದು, ಮುಂದೆ ಮಾರ್ಕಮನ 'ಕ್ಯಾಂಪರ್‌ಡೌನ್'. ಎರಡು ಸಾಲುಗಳೂ ಒಳಮುಖವಾಗಿ, ಎಂದರೆ ಒಂದರ ಕಡೆಗೊಂದು ತಿರುಗುತ್ತ, ಅರ್ಧವೃತ್ತ ಹಾಕಿ, ಬಂದ ದಿಕ್ಕಿಗೇ ಹಿಂದಿರುಗಬೇಕೆಂಬುದು ಟ್ರಯನ್ನನ ಯೋಜನೆ. ಆಮೇಲೆ ಸಾಲುಗಳು ಪರಸ್ಪರ ಹತ್ತಿರದಲ್ಲಿ ಸಾಗಿ ಸೊಗಸಾಗಿ ಲಂಗರು ಹಾಕುವುವು.

ಇದರ ಲೆಕ್ಕವನ್ನು ಪ್ರೌಢಶಾಲೆಯ ರೇಖಾಗಣಿತ ಬಲ್ಲವರಾರೂ ಮಾಡಬಹುದು. ನಾವಿಕರು ದೂರವನ್ನು ಕೇಬಲ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಕೇಬಲ್ ನಾವಿಕ ಮೈಲಿಯ ಹತ್ತನೆಯ ಒಂದು ಪಾಲು. ಸುಮಾರು ಇನ್ನೂರು ಗಜ. ಆ ಹಡಗುಗಳು ಕವಾಯತಿನ ವಾಡಿಕೆಯಂತೆ ಚುಕ್ಕಾಣಿ ತಿರುಗಿಸಿದರೆ ಅವು ಹಾಕುವ ವೃತ್ತದ ವ್ಯಾಸ ಸುಮಾರು ಎಂಟು ನೂರು ಗಜ, ಎಂದರೆ ನಾಲ್ಕು ಕೇಬಲ್. ಅರ್ಧವೃತ್ತ ಮುಗಿಸಿದ ಹಡಗು ತನ್ನ ಹಳೆಯ ದಾರಿಯಿಂದ ಪೂರ್ತಿ ಒಂದು ವ್ಯಾಸದಷ್ಟು, ಎಂದರೆ ನಾಲ್ಕು ಕೇಬಲ್, ಒಳಕ್ಕೆ ಬಂದಿರುತ್ತದೆ. ಎರಡು ಕಡೆಯ ಹಡಗುಗಳೂ ಒಳಕ್ಕೆ ಬರುವುದರಿಂದ ಒಟ್ಟು ಎಂಟು ಕೇಬಲ್ ಸ್ಥಳ ಬೇಕು. ಎಂಟೇ ಇದ್ದರೆ ಹಡಗುಗಳು ಒಂದನ್ನೊಂದು ಉಜ್ಜುತ್ತವೆ. ತಿರುಗಿದ ಮೇಲೆ ನಡುವೆ ಎರಡು ಕೇಬಲ್ ಉಳಿಯಬೇಕಾದರೆ ಮೊದಲು ಹತ್ತು ಕೇಬಲ್ ಅಂತರವಿರಬೇಕು. ಟ್ರಯನ್ ಕೊಟ್ಟ ಆಜ್ಞೆಯೋ ಆರು ಕೇಬಲ್!

ಈ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲವೆ? ಬಿದ್ದಿತ್ತು. ಟ್ರಯನ್ ತನ್ನ ಯೋಜನೆಯನ್ನು ಹೇಳಿದಾಗ ಹಡಗಿನ ದಾರಿ ನೋಡುವ ಅಧಿಕಾರಿ ಹಾಕಿನ್ಸ್-ಸ್ಮಿತ್, ಕಡೆಯ ಪಕ್ಷ ಎಂಟು ಕೇಬಲ್ ಬೇಕಾದೀತೆಂದು ಸೂಚಿಸಿದನು. ಟ್ರಯನ್ ಒಪ್ಪಿದನು. ಆದರೆ ಸ್ವಲ್ಪ ಹೊತ್ತಿನಲ್ಲೇ ಸಂಕೇತಕ್ಕೆಂದು ಅವನು ಬರೆದುಕೊಟ್ಟ ಚೀಟಿಯಲ್ಲಿ ಆರು ಎಂದೇ ಇತ್ತು. ಆರೋ ಎಂಟೋ ಎಂದು ವಿಚಾರಿಸಿ ಬರಲು ಧ್ವಜಾಧಿಕಾರಿಯನ್ನು ಮತ್ತೆ ಕಳುಹಿಸಿದಾಗ, ಆರೇ ಇರಲಿ ಎಂಬ ಉತ್ತರ ಬಂತು. ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷದ ಸುಮಾರಿಗೆ ಸಾಲುಗಳು ಆರು ಕೇಬಲ್ ಅಂತರಕ್ಕೆ ಬಂದವು. ತಿರುಗುವ ಆಜ್ಞೆ ಹಾರಿದ್ದು ಮೂರು ಗಂಟೆ ಇಪ್ಪತ್ತು ನಿಮಿಷ ಕಳೆದ ಮೇಲೆ. ನಡುವೆ ಒಂದು ಗಂಟೆಯ ಕಾಲ ಅದೇ ಅಂತರದಲ್ಲಿ ಹಡಗುಗಳು ಸಾಗಿದವು. ಆ ಒಂದು ಗಂಟೆಯಲ್ಲಿ ಯಾರೂ ಮತ್ತೆ ಆ ಮಾತೆತ್ತಲಿಲ್ಲ.

ಸಂಕೇತ ಹಾರಿದಾಗ 'ಕ್ಯಾಂಪರ್‌ಡೌನ್' ಮೇಲಿದ್ದ ಮಾರ್ಕಮನಿಗೆ ಕೂಡಲೆ ಅನುಮಾನವಾಯಿತು. ಇದು ಅಸಾಧ್ಯವೆಂದು ಅವನು ಬಾಯಿಬಿಟ್ಟು ಹೇಳಿ, ತನ್ನ ಧ್ವಜಗಳನ್ನು ಕಂಬದ ಅರ್ಧದಲ್ಲಿಯೇ ನಿಲ್ಲಿಸಿದನು. ತನಗೆ ಅರ್ಥವಾಗಲಿಲ್ಲವೆಂದು ಸೆಮಫೋರ್ ಮೂಲಕ ತಿಳಿಸಬೇಕೆಂದೂ ಆಜ್ಞಾಪಿಸಿದನು. ಆ ಮಾತು ಹೋಗುವ ಮೊದಲೇ ಧ್ವಜನೌಕೆಯಿಂದ, ಏತಕ್ಕಾಗಿ ಕಾಯುತ್ತಿದ್ದೀರೆಂಬ ಪ್ರಶ್ನೆ ಇಡೀ ನೌಕಾಸಮೂಹಕ್ಕೆ ಕಾಣುವಂತೆ ಬಂದಿತು. ಎಲ್ಲರೆದುರಿಗೆ ಬಂದ ಗದರಿಕೆಯದು. ಮಾರ್ಕಮ್ ತನಗೆ ತಾನೇ ಒಂದು ಸಮಾಧಾನ ಹೇಳಿಕೊಂಡನು: ಬಹುಶಃ ಅಡ್ಮಿರಲ್ ದೊಡ್ಡ ವೃತ್ತ ಹಾಕಿ ನನ್ನ ಸಾಲಿನ ಹೊರಗಿನಿಂದ ಸುತ್ತಿ ಹೋಗುವನು. ಅರ್ಧದಲ್ಲಿ ನಿಂತಿದ್ದ ಧ್ವಜ ಪೂರ್ತಿ ಮೇಲೇರಿತು.

ಎರಡು ಹಡಗುಗಳೂ ಒಂದರ ಕಡೆಗೊಂದು ತಿರುಗತೊಡಗಿದವು. 'ವಿಕ್ಟೋರಿಯ'ದ ಕ್ಯಾಪ್ಟನ್ ಬರ್ಕ್, ಅಪಾಯ ಸಮೀಪಿಸುತ್ತಿದೆಯೆಂದು ಅಡ್ಮಿರಲ್ಲನಿಗೆ ತಿಳಿಸಿ, ಒಂದು ಕಡೆಯ ಯಂತ್ರವನ್ನು ಹಿಮ್ಮುಖವಾಗಿ ನಡೆಸಲು ಅಪ್ಪಣೆ ಬೇಡಿದನು. ಒಮ್ಮೆಯಲ್ಲ, ಎರಡು ಮೂರು ಬಾರಿ ಬೇಡಿದನು. ಅಪ್ಪಣೆ ಬಂದಾಗ ಕಾಲ ಮಿಂಚಿತ್ತು. ಮೂರು ಗಂಟೆ ಮೂವತ್ತನಾಲ್ಕು ನಿಮಿಷದ ಹೊತ್ತಿಗೆ 'ಕ್ಯಾಂಪರ್‌ಡೌನ್' ಹಡಗಿನ ಮೂತಿಗೆ ನೀರಿನ ಅಡಿಯಲ್ಲಿ ಕಟ್ಟಿದ್ದ ಉಕ್ಕಿನ ಕೊಂಬು 'ವಿಕ್ಟೋರಿಯ'ದ ಬಲಪಕ್ಕವನ್ನು ಸೀಳಿ ಒಳಹೊಕ್ಕಿತು. ಶತ್ರುವನ್ನು ಇರಿಯಲೆಂದು ಮಾಡಿದ ಆಯುಧ ಸ್ವಂತ ಧ್ವಜನೌಕೆಯನ್ನೇ ಇರಿಯಿತು. ಬಿಸಿಲಿನ ಸೆಖೆಯಿಂದಾಗಿ ಹಡಗಿನ ಒಳಬಾಗಿಲುಗಳೂ ಕಿಂಡಿಗಳೂ ತೆರೆದಿದ್ದವು. ಎಲ್ಲವನ್ನೂ ಮುಚ್ಚುವಷ್ಟು ವ್ಯವಧಾನ ಸಿಗಲಿಲ್ಲ. ಹಡಗನ್ನು ದಡಕ್ಕೆ ಒಯ್ದು ನಿಲ್ಲಿಸಬಹುದೆಂದು ನಂಬಿ, ಟ್ರಯನ್ ಇತರ ಹಡಗುಗಳಿಂದ ದೋಣಿಗಳು ಬರುವುದು ಬೇಡವೆಂದು ಸಂಕೇತ ಮಾಡಿಸಿದನು. ಕೆಲವೇ ನಿಮಿಷಗಳಲ್ಲಿ ಮುಂಭಾಗ ನೀರಿನಲ್ಲಿ ಮುಳುಗಿ, ಹಡಗು ಬಲಕ್ಕೆ ಮಗುಚಿ, ತಿರುಗುತ್ತಿದ್ದ ಚಕ್ರಗಳನ್ನು ಮೇಲೆತ್ತಿ ತಳ ಸೇರಿತು. ಕೆಳಗಿನ ಯಂತ್ರಶಾಲೆಯವರು, ಮೇಲೆ ಬನ್ನಿರೆಂಬ ಆಜ್ಞೆ ಬಾರದುದರಿಂದ, ತಮ್ಮ ಸ್ಥಳದಲ್ಲಿಯೇ ಉಳಿದು ಪ್ರಾಣಬಿಟ್ಟರು. ಹಡಗಿನಲ್ಲಿದ್ದ ೭೧೫ ಮಂದಿಯಲ್ಲಿ ೩೫೮ ಮಂದಿ ಸತ್ತರು. ಇದೆಲ್ಲ ತನ್ನದೇ ತಪ್ಪೆಂದು ಕಡೆಗಳಿಗೆಯಲ್ಲಿ ಟ್ರಯನ್ ಹೇಳಿದುದನ್ನು ಹತ್ತಿರವಿದ್ದವರು ಕೇಳಿದರು. ಅವನ ದೇಹ ಸಿಗಲಿಲ್ಲ.

ಆ ಆರು ಎಂಬ ಅಂಕಿ ಎಲ್ಲಿಂದ ಬಂತು? ಇದಕ್ಕೆ ನಿಶ್ಚಿತವಾದ ಉತ್ತರ ಕೊಡಬಲ್ಲವನು ಅವನೊಬ್ಬನೇ ಆಗಿದ್ದನು. ಆದರೂ ಎರಡು ಊಹೆಗಳು ವಿಚಾರಯೋಗ್ಯವಾಗಿವೆ. ಮೊದಲನೆಯದು, ಅವನು ವ್ಯಾಸಕ್ಕೆ ಬದಲಾಗಿ ತ್ರಿಜ್ಯವನ್ನು ಹಿಡಿದು ಲೆಕ್ಕ ಹಾಕಿದನೆಂಬುದು. ನಾಲ್ಕು ಕೇಬಲ್ ವ್ಯಾಸದ ವೃತ್ತದ ತ್ರಿಜ್ಯ ಎರಡು. ಎರಡು ಕಡೆಗೂ ಎರಡೆರಡು, ನಡುವೆ ಉಳಿಯಬೇಕಾದ ಎರಡು, ಕೂಡಿದರೆ ಸರಿಯಾಗಿ ಆರು! ಎರಡನೆಯದು, ಅರ್ಧವೃತ್ತದ ಬದಲು ಕಾಲುವೃತ್ತ ತಿರುಗುವ ಕವಾಯತು ಅವನ ಮನಸ್ಸಿನಲ್ಲಿತ್ತೆಂಬುದು. ಅದಕ್ಕೆ ಆರು ಕೇಬಲ್ ಧಾರಾಳವಾಗಿ ಸಾಕು. ಯಾವುದೇ ಆಗಲಿ, ನಲವತ್ತೈದು ವರ್ಷದ ಅನುಭವವುಳ್ಳವನ ತಲೆಯಲ್ಲಿ ಒಂದು ಕ್ಷಣ ಹೊಕ್ಕ ಸಣ್ಣ ತಪ್ಪು ಅದು. ಇಂಥ ತಪ್ಪು ಯಾರಿಂದಲೂ ಆಗಬಹುದು. ನಾವು ಯೋಚಿಸಬೇಕಾದುದು ಆ ತಪ್ಪು ಒಂದು ಗಂಟೆಯ ಕಾಲ ತಿದ್ದುವವರಿಲ್ಲದೆ ಉಳಿದುದರ ಬಗ್ಗೆ.

ಜುಲೈ ತಿಂಗಳಲ್ಲಿ ಮಾಲ್ಟಾದಲ್ಲಿ ಸೈನಿಕ ನ್ಯಾಯಾಲಯ ಸೇರಿತು. ಮೇಲಧಿಕಾರಿಯನ್ನು ಬಹಿರಂಗವಾಗಿ ಟೀಕಿಸುವುದು ನಿಜವಾದ ಶಿಸ್ತಿಗೆ ಒಪ್ಪುವುದಿಲ್ಲವೆಂಬ ಭಾವ ಕ್ಯಾಪ್ಟನ್ ಬರ್ಕನ ಸಾಕ್ಷ್ಯದಲ್ಲಿ ವ್ಯಕ್ತವಾಯಿತು. ನ್ಯಾಯಾಲಯ ಅವನನ್ನು ನಿರ್ದೋಷಿಯೆಂದು ಬಿಟ್ಟಿತು. ದುರಂತಕ್ಕೆ ಟ್ರಯನ್ನನ ಆಜ್ಞೆಯೇ ಕಾರಣವೆಂದಿತು. ಮಾರ್ಕಮನ ವಿಷಯದಲ್ಲಿ ಅದು ಆಡಿದ ಮಾತು ವಿಚಿತ್ರವಾದುದು. ಅವನು ತನ್ನ ಮೊದಲ ಸಂಕಲ್ಪದಂತೆ ಅನುಮಾನವನ್ನು ತಿಳಿಸದೆ ಹೋದುದು ವಿಷಾದನೀಯ. ಆದರೆ ಎದುರಿನಲ್ಲಿಯೇ ಇರುವ ಪ್ರಧಾನಾಧಿಪತಿಯ ಆಜ್ಞೆಯನ್ನು ನಡೆಸಿದುದಕ್ಕಾಗಿ ಅವನನ್ನು ದೂಷಿಸಿದರೆ ಸೇವೆಯ ಹಿತಕ್ಕೇ ಮಾರಕವಾದೀತು, ಎಂದು ಅದರ ತಾತ್ಪರ್ಯ. ಕೇಳಬೇಕಾಗಿತ್ತು, ಆದರೆ ಕೇಳದಿದ್ದುದು ತಪ್ಪಲ್ಲ! ಮಾರ್ಕಮ್ ಮುಂದೆಯೂ ಸೇವೆಯಲ್ಲಿ ಉಳಿದನು.

ಈ ತೀರ್ಪಿಗಿಂತಲೂ ಹೆಚ್ಚಿನ ವಿಪರ್ಯಾಸವೊಂದು ನಡೆಯಿತು. ಟ್ರಯನ್ನನ ಸಾವಿನೊಡನೆ ಅವನ 'ಟಿ ಎ' ಪದ್ಧತಿಯೂ ಸತ್ತಿತು. ಆ ಪದ್ಧತಿಗೂ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಅಂದಿನ ಚಲನೆ ನಡೆದದ್ದು ಹಳೆಯ ಧ್ವಜಸಂಕೇತಗಳಿಂದಲೇ. ಆದರೂ ಅವನ ಹೆಸರಿನೊಡನೆ ಅವನ ವಿಚಾರವೂ ಕಳಂಕಿತವಾಗಿ, ನೌಕಾಪಡೆ ಮತ್ತೆ ಮೇಲಿನ ಆಜ್ಞೆಯನ್ನು ಕಾಯುವ ಹಳೆಯ ರೂಢಿಗೆ ಜಾರಿತು. ಅಂದು 'ವಿಕ್ಟೋರಿಯ'ದಲ್ಲಿ ಜ್ವರದಿಂದ ಮಲಗಿದ್ದು, ಈಜಿ ಬದುಕಿದವರಲ್ಲಿ ಜಾನ್ ಜೆಲಿಕೊ ಎಂಬ ಅಧಿಕಾರಿಯೂ ಒಬ್ಬನು. ಇಪ್ಪತ್ತಮೂರು ವರ್ಷಗಳ ನಂತರ, ೧೯೧೬ರಲ್ಲಿ ಜಟ್ಲೆಂಡಿನ ಮಹಾಕಾಳಗದಲ್ಲಿ ಬ್ರಿಟಿಷ್ ನೌಕಾಪಡೆಯ ಅಧಿಪತಿ ಇವನೇ. ಆ ರಾತ್ರಿ ಜರ್ಮನ್ ಹಡಗುಗಳು ಬ್ರಿಟಿಷ್ ಸಾಲಿನ ಹಿಂಭಾಗದಲ್ಲಿ ದಾಟಿ ತಪ್ಪಿಸಿಕೊಂಡವು. ಅವನ್ನು ಕಣ್ಣಾರೆ ಕಂಡ ಹಡಗುಗಳಿದ್ದವು. ಆದರೂ ಜೆಲಿಕೊನಿಗೆ ಸುದ್ದಿ ಮುಟ್ಟಲಿಲ್ಲ. ಮೇಲಿನವರಿಗೆ ತಿಳಿದೇ ಇರುತ್ತದೆಂಬ ಭಾವನೆ ಇದಕ್ಕೆ ಒಂದು ಮುಖ್ಯ ಕಾರಣವೆಂದು ಚರಿತ್ರಕಾರರು ಹೇಳುತ್ತಾರೆ. ಅದೇ ಭಾವನೆ ೧೮೯೩ರಲ್ಲಿ ಹಾಕಿನ್ಸ್-ಸ್ಮಿತ್ತನ, ಬರ್ಕನ, ಮಾರ್ಕಮನ ಬಾಯಿ ಕಟ್ಟಿತ್ತು.

ಈ ದೂರದ ಕಥೆಯಿಂದ ನಮಗೇನು ಎಂದು ಕೇಳಬಹುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಓದಿದವರ ಮುಂದೆ ಬಾಯಿ ಮುಚ್ಚಿಕೊಂಡಿರಬೇಕು, ದೊಡ್ಡವರ ಮಾತಿಗೆ ಎದುರಾಡಬಾರದು ಎಂಬ ಉಪದೇಶವನ್ನು ಕಟ್ಟಿಕೊಂಡೇ ನನ್ನಂಥವರು ಊರಿನಿಂದ ಬರುತ್ತೇವೆ. ಆ ಉಪದೇಶ ಕೊಟ್ಟವರು ಪ್ರೀತಿಯಿಂದಲೇ ಕೊಟ್ಟರು. ಅಮಲ್ದಾರರ ಮುಂದೆಯೂ ಶಾನುಭೋಗರ ಮುಂದೆಯೂ ಬಾಯಿ ತೆರೆದವರು ಪಟ್ಟ ಪಾಡನ್ನು ಹಿಂದಿನವರು ಕಂಡು ಕೇಳಿದ್ದುದರಿಂದ ಅದು ಅವರಿಗೆ ಬದುಕುವ ಉಪಾಯವಾಗಿತ್ತು. ಆದರೆ ವಿದ್ಯೆಯನ್ನು ಅರಸಿ ಬಂದ ಸ್ಥಳದಲ್ಲಿಯೂ ಅದೇ ಉಪಾಯ ನಡೆಯುವುದೆ? ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು, ಕಪ್ಪುಹಲಗೆಯ ಮೇಲಿನ ಲೆಕ್ಕ ತಿಳಿಯದಿದ್ದರೂ ತಲೆಯಾಡಿಸುವ ನಾವು, ಅರ್ಧದಲ್ಲಿ ನಿಂತ ಧ್ವಜವನ್ನು ಲಜ್ಜೆಯಿಂದ ಪೂರ್ತಿ ಏರಿಸಿಬಿಡುವವರಲ್ಲವೆ? ನಾಳೆ ನಮ್ಮಲ್ಲಿ ಹಲವರು ಗುಮಾಸ್ತರೂ, ಉಪಾಧ್ಯಾಯರೂ, ಅಧಿಕಾರಿಗಳೂ ಆಗುವೆವು. ಅಲ್ಲಿ ನಮ್ಮ ಮೌನದ ಬೆಲೆಯನ್ನು ತೆರುವವರು ಬೇರೆಯವರಾಗಿರುತ್ತಾರೆ.

ಹಾಗೆಂದು ಎಲ್ಲ ಆಜ್ಞೆಗಳನ್ನೂ ಧಿಕ್ಕರಿಸಬೇಕೆಂದು ನಾನು ಹೇಳುತ್ತಿಲ್ಲ. ಹನ್ನೊಂದು ಹಡಗುಗಳ ಕ್ಯಾಪ್ಟನ್ನುಗಳು ಹನ್ನೊಂದು ದಾರಿ ಹಿಡಿದರೆ ನೌಕಾಪಡೆಯೇ ಇರುವುದಿಲ್ಲ. ವಿಧೇಯತೆಗೂ ಧಿಕ್ಕಾರಕ್ಕೂ ನಡುವೆ ಪ್ರಶ್ನೆಯೆಂಬ ಮೂರನೆಯದೊಂದಿದೆ. ಆ ನೌಕಾಪಡೆಯವರು ಅದಕ್ಕೊಂದು ಸಂಕೇತವನ್ನೇ ಇಟ್ಟುಕೊಂಡಿದ್ದರು. ಅದರಲ್ಲಿ ಅವಿಧೇಯತೆಯ ಲೇಶವೂ ಇರಲಿಲ್ಲ. ಮಾರ್ಕಮ್ ಆ ಸಂಕೇತವನ್ನು ಇನ್ನೆರಡು ನಿಮಿಷ ಹಾಗೆಯೇ ಇಟ್ಟಿದ್ದರೆ ಅವನಿಗೆ ಇನ್ನೊಂದು ಗದರಿಕೆ ಬರುತ್ತಿತ್ತು, ಅಷ್ಟೆ. ಪ್ರಶ್ನೆ ಕೇಳುವ ಧೈರ್ಯ ಕಿರಿಯರ ಕರ್ತವ್ಯವಾದರೆ, ಆ ಧೈರ್ಯಕ್ಕೆ ಎಡೆಕೊಡುವುದು ಹಿರಿಯರ ಕರ್ತವ್ಯ. ಬುದ್ಧಿಯಿಂದ ನಡೆಯಿರೆಂದು ಬೋಧಿಸಿದ ಟ್ರಯನ್ ಆ ಮಧ್ಯಾಹ್ನ ಏತಕ್ಕೆ ಕಾಯುತ್ತೀರೆಂದು ಗದರಿಸಿದನು. ಬೋಧನೆ ಮರೆತುಹೋಗಿ ಗದರಿಕೆ ನಡೆಯಿತು.

'ವಿಕ್ಟೋರಿಯ' ಮುಳುಗಿದ ಸ್ಥಳ ೨೦೦೪ರವರೆಗೆ ಖಚಿತವಾಗಿ ಗೊತ್ತಿರಲಿಲ್ಲ. ಆ ವರ್ಷ ಮುಳುಗಾರರು ಲೆಬನಾನಿನ ಕರಾವಳಿಯಾಚೆ, ಸುಮಾರು ನೂರೈವತ್ತು ಮೀಟರ್ ಆಳದಲ್ಲಿ ಅದನ್ನು ಕಂಡರು. ಭಾರವಾದ ಫಿರಂಗಿಗಳಿದ್ದ ಮುಂಭಾಗ ಕೆಸರಿನಲ್ಲಿ ಹೂತು, ಹಿಂಭಾಗ ಮೇಲ್ಮುಖವಾಗಿ, ಕಂಬದಂತೆ ನೆಟ್ಟಗೆ ಅದು ಸಮುದ್ರದ ತಳದಲ್ಲಿ ನಿಂತಿದೆ.